ಫ್ರೀ ಪ್ರೆಸ್ ಸದಾನಂದ್: ಚಂದಾ ನಿಂತಾಗ ನಿಂತುಹೋದ ಸುದ್ದಿಸಂಸ್ಥೆ

ಬೆಳ್ತಂಗಡಿ ತಾಲೂಕಿನ ಕೊಕ್ಕಡಕ್ಕೂ ಸ್ವಿಟ್ಜರ್ಲೆಂಡಿನ ಜಿನೀವಾಕ್ಕೂ ಮೇಲ್ನೋಟಕ್ಕೆ ಯಾವ ನಂಟೂ ಇಲ್ಲ. ಆದರೆ 2011ರ ಏಪ್ರಿಲ್ ಕೊನೆಯ ವಾರದಲ್ಲಿ ಜಿನೀವಾದಲ್ಲಿ ನಡೆದ ಸಭೆಯೊಂದರ ತೀರ್ಮಾನ ಕೊಕ್ಕಡದ ಅನೇಕ ಮನೆಗಳ ಪಾಲಿಗೆ ಮಹತ್ವದ್ದಾಗಿತ್ತು. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಆಕಾಶದಿಂದ ಸಿಂಪಡಿಸಲಾದ ಎಂಡೋಸಲ್ಫಾನ್ ಕೊಕ್ಕಡ, ಪಟ್ರಮೆ, ನಿಡ್ಲೆ ಗ್ರಾಮಗಳ ಬದುಕನ್ನೇ ಬದಲಿಸಿತ್ತು. ಆ ಕೀಟನಾಶಕವನ್ನು ಜಗತ್ತಿನಾದ್ಯಂತ ಹಂತಹಂತವಾಗಿ ಕೈಬಿಡಬೇಕೆಂದು ಸ್ಟಾಕ್‌ಹೋಮ್ ಒಪ್ಪಂದದ ಸದಸ್ಯ ರಾಷ್ಟ್ರಗಳು ಜಿನೀವಾದಲ್ಲಿ ನಿರ್ಧರಿಸಿದವು. ಎರಡು ವಾರಗಳ ತರುವಾಯ, ಮೇ 13ರಂದು, ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ಉತ್ಪಾದನೆ, ಮಾರಾಟ ಮತ್ತು ಬಳಕೆಗೆ ತಡೆ ನೀಡಿತು.

ಕೊಕ್ಕಡದ ನೋವನ್ನು ರಾಜ್ಯಕ್ಕೆ ತಿಳಿಸುವುದು ಸ್ಥಳೀಯ ವರದಿಗಾರರಿಂದ ಸಾಧ್ಯ. ಆದರೆ ಜಿನೀವಾದಲ್ಲಿ ಕುಳಿತು ವರದಿ ಮಾಡುವ ಪ್ರತಿನಿಧಿಯನ್ನು ಇಟ್ಟುಕೊಳ್ಳುವ ಶಕ್ತಿ ಕನ್ನಡದ ಯಾವ ಪತ್ರಿಕೆಗಿದೆ? ಅಂಥ ಸುದ್ದಿಗೆ ಪತ್ರಿಕೆಗಳು ನೆಚ್ಚುವುದು ಸುದ್ದಿಸಂಸ್ಥೆಗಳನ್ನು. ಸುದ್ದಿಯ ಮೊದಲ ಸಾಲಿನ ಬಳಿ ಸಣ್ಣ ಅಕ್ಷರದಲ್ಲಿ ಅಚ್ಚಾಗುವ ಪಿಟಿಐ ಎಂಬ ಮೂರಕ್ಷರವನ್ನು ಓದುಗರು ಗಮನಿಸುವುದು ಅಪರೂಪ. ಪತ್ರಿಕೆಯ ಲೆಕ್ಕಪತ್ರ ವಿಭಾಗದವರು ಮಾತ್ರ ಅದನ್ನು ಮರೆಯುವುದಿಲ್ಲ, ಏಕೆಂದರೆ ತಿಂಗಳು ತಿಂಗಳೂ ಅದರ ಬಿಲ್ಲು ಬರುತ್ತದೆ.

ಜಾಹೀರಾತು ಕುಸಿದಾಗ, ಕಾಗದದ ಬೆಲೆ ಏರಿದಾಗ, ಆ ಬಿಲ್ಲನ್ನು ನಿಲ್ಲಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆ ಪತ್ರಿಕಾ ಕಚೇರಿಗಳಲ್ಲಿ ಏಳುತ್ತದೆ. ಈ ಪ್ರಶ್ನೆ ಹೊಸದಲ್ಲ. ಒಂದು ಶತಮಾನದ ಹಿಂದೆ ಇದೇ ಲೆಕ್ಕಾಚಾರ ಭಾರತೀಯರೇ ಕಟ್ಟಿ ನಡೆಸಿದ ಮೊದಲ ಸುದ್ದಿಸಂಸ್ಥೆಯ ಹಣೆಬರಹವನ್ನು ನಿರ್ಧರಿಸಿತು. ಆ ಸಂಸ್ಥೆಯ ಹೆಸರು ಫ್ರೀ ಪ್ರೆಸ್ ಆಫ್ ಇಂಡಿಯಾ. ಅದನ್ನು ಕಟ್ಟಿದವರು ಸ್ವಾಮಿನಾಥನ್ ಸದಾನಂದ್.

ರಾಯಿಟರ್‌ನ ಕಾಲ

ಸದಾನಂದ್ ಜನಿಸಿದ್ದು 1900ರಲ್ಲಿ, ಮದ್ರಾಸ್ ಪ್ರಾಂತದಲ್ಲಿ. ಅಂದು ದಕ್ಷಿಣ ಕನ್ನಡವೂ ಅದೇ ಪ್ರಾಂತಕ್ಕೆ ಸೇರಿತ್ತು. ಅವರು ಪತ್ರಿಕಾರಂಗಕ್ಕೆ ಕಾಲಿಟ್ಟ ಹೊತ್ತಿಗೆ ಭಾರತದ ಸುದ್ದಿಯ ಹರಿವು ಒಂದೇ ಸಂಸ್ಥೆಯ ಹಿಡಿತದಲ್ಲಿತ್ತು. 1851ರಲ್ಲಿ ಲಂಡನ್ನಿನಲ್ಲಿ ಆರಂಭವಾದ ರಾಯಿಟರ್ 1866ರಲ್ಲೇ ಮುಂಬಯಿಯಲ್ಲಿ ಕಚೇರಿ ತೆರೆದಿತ್ತು. ಐರೋಪ್ಯ ಸುದ್ದಿಸಂಸ್ಥೆಗಳು 1870ರಲ್ಲಿ ಜಗತ್ತನ್ನು ತಮ್ಮತಮ್ಮಲ್ಲೇ ಹಂಚಿಕೊಂಡಾಗ ಬ್ರಿಟಿಷ್ ಸಾಮ್ರಾಜ್ಯದ ಪಾಲು ರಾಯಿಟರ್‌ಗೆ ಬಂದಿತ್ತು. ದೇಶದೊಳಗಿನ ಸುದ್ದಿಗಾಗಿ 20ನೇ ಶತಮಾನದ ಆರಂಭದಲ್ಲಿ ಕೆ.ಸಿ. ರಾಯ್ ಅವರ ಶ್ರಮದಿಂದ ಅಸೋಸಿಯೇಟೆಡ್ ಪ್ರೆಸ್ ಆಫ್ ಇಂಡಿಯಾ ಹುಟ್ಟಿಕೊಂಡಿತಾದರೂ ಕಾಲಕ್ರಮದಲ್ಲಿ ಅದೂ ರಾಯಿಟರ್ ವಶವಾಯಿತು.

ಈ ವ್ಯವಸ್ಥೆಯ ದೊಡ್ಡ ಚಂದಾದಾರ ಯಾವುದೇ ಪತ್ರಿಕೆಯಲ್ಲ, ಸರ್ಕಾರ. ಅಧಿಕಾರಿಗಳಿಗೆ ಸುದ್ದಿ ಪೂರೈಸುವ ಲೆಕ್ಕದಲ್ಲಿ ಬ್ರಿಟಿಷ್ ಸರ್ಕಾರ ಹಣ ಪಾವತಿಸುತ್ತಿತ್ತು. ಅದರಿಂದ ಪತ್ರಿಕೆಗಳಿಗೆ ನಿಯಮಿತವಾದ, ನಂಬಲರ್ಹವಾದ ಸೇವೆ ದೊರೆಯುತ್ತಿತ್ತು ಎಂಬುದು ನಿಜ. ಆದರೆ ಯಾರ ಹಣದಿಂದ ತಂತಿ ನಡೆಯುತ್ತಿತ್ತೋ ಅವರಿಗೆ ಮುಜುಗರ ತರುವ ಸುದ್ದಿ ಆ ತಂತಿಯಲ್ಲಿ ಸರಾಗವಾಗಿ ಹರಿಯುತ್ತಿರಲಿಲ್ಲ. 1919ರಲ್ಲಿ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ವಿವರಗಳು ಸೆನ್ಸಾರ್ ದಾಟಿ ದೇಶದ ಉಳಿದ ಭಾಗಗಳನ್ನು ತಲುಪಲು ಬಹಳ ಕಾಲ ಹಿಡಿಯಿತು.

ತರುಣ ಸದಾನಂದ್ ಅಸೋಸಿಯೇಟೆಡ್ ಪ್ರೆಸ್‌ನಲ್ಲಿಯೇ ದುಡಿದವರು. ಆದ್ದರಿಂದ ಸುದ್ದಿ ಹೇಗೆ ಬರುತ್ತದೆ, ಎಲ್ಲಿ ಸೋಸಲ್ಪಡುತ್ತದೆ ಎಂಬುದನ್ನು ಒಳಗಿನಿಂದಲೇ ಬಲ್ಲವರಾಗಿದ್ದರು. ಬಳಿಕ ಅಲಹಾಬಾದಿನಲ್ಲಿ ಮೋತಿಲಾಲ್ ನೆಹರೂ ಅವರ ಇಂಡಿಪೆಂಡೆಂಟ್ ಪತ್ರಿಕೆಯಲ್ಲಿ ಕೆಲಸ ಮಾಡಿದರು. ರಾಷ್ಟ್ರೀಯ ಪತ್ರಿಕೆಗಳ ಸಂಪಾದಕೀಯ ಎಷ್ಟೇ ಬಿರುಸಾಗಿದ್ದರೂ ಅದರ ಪಕ್ಕದ ಪುಟದ ಸುದ್ದಿ ಸರ್ಕಾರದ ನೆರಳಿನ ಸಂಸ್ಥೆಯಿಂದಲೇ ಬರಬೇಕಾಗಿದ್ದ ವಿಪರ್ಯಾಸ ಅವರನ್ನು ಕಾಡಿತು. ಅಭಿಪ್ರಾಯಕ್ಕಿಂತ ಮೊದಲು ಸುದ್ದಿ ಸ್ವತಂತ್ರವಾಗಬೇಕು ಎಂಬುದೇ ಮುಂದೆ ಅವರ ಬದುಕಿನ ಗುರಿಯಾಯಿತು.

ಸ್ವಂತ ತಂತಿ

1920ರ ದಶಕದ ಉತ್ತರಾರ್ಧದಲ್ಲಿ ಫ್ರೀ ಪ್ರೆಸ್ ಆಫ್ ಇಂಡಿಯಾ ಮುಂಬಯಿಯನ್ನು ಕೇಂದ್ರವಾಗಿಸಿಕೊಂಡು ಕಾರ್ಯ ನಡೆಸಿತು. ಪುರುಷೋತ್ತಮದಾಸ್ ಠಾಕೂರದಾಸ್, ಎಂ.ಆರ್. ಜಯಕರ್ ಅವರಂಥ ಗಣ್ಯರು ಬೆಂಬಲಕ್ಕೆ ನಿಂತರು. ಭಾರತೀಯ ಉದ್ಯಮಿಗಳಿಗೂ ತಮ್ಮ ದನಿ ಕೇಳಿಸುವ ಸಂಸ್ಥೆಯೊಂದು ಬೇಕಿತ್ತು.

ಕಾಲವೂ ಅಂಥದ್ದಾಗಿತ್ತು. 1928ರಲ್ಲಿ ಸೈಮನ್ ಆಯೋಗದ ಬಹಿಷ್ಕಾರ, ಅದೇ ವರ್ಷ ಬಾರ್ಡೋಲಿಯ ಕರನಿರಾಕರಣೆ, 1930ರಲ್ಲಿ ದಂಡಿಯಾತ್ರೆ. ಕರ್ನಾಟಕದಲ್ಲಿ 1930ರ ಏಪ್ರಿಲ್ 13ರಂದು ಅಂಕೋಲೆಯ ಕಡಲತೀರದಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಮಂಗಳೂರಿನಲ್ಲಿ ಕಾರ್ನಾಡ್ ಸದಾಶಿವರಾಯರು ಚಳವಳಿಯ ಮುಂಚೂಣಿಯಲ್ಲಿದ್ದರು. ಒಂದೂರಿನ ಸತ್ಯಾಗ್ರಹದ ಸುದ್ದಿ ಮತ್ತೊಂದೂರಿಗೆ ತಲುಪಿದರೆ ಮಾತ್ರ ಅದು ದೇಶದ ಚಳವಳಿಯಾಗುತ್ತಿತ್ತು. ಮುಂಬಯಿ, ಮದ್ರಾಸ್, ಮೈಸೂರು, ಹೈದರಾಬಾದ್, ಕೊಡಗು ಎಂದು ಹರಿದು ಹಂಚಿಹೋಗಿದ್ದ ಕನ್ನಡ ನಾಡಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತಿತ್ತು. ಕಾರವಾರದವರು ಮುಂಬಯಿ ಪ್ರಾಂತದ ಪ್ರಜೆಗಳು, ಕೊಕ್ಕಡದವರು ಮದ್ರಾಸ್ ಪ್ರಾಂತದವರು. ಒಂದೇ ಕರಾವಳಿಯಾದರೂ ಆಡಳಿತ ಬೇರೆ, ಪತ್ರಿಕೆಗಳ ಕೇಂದ್ರಗಳೂ ಬೇರೆ.

ರಾಷ್ಟ್ರೀಯ ಚಳವಳಿಯ ಸುದ್ದಿಗೆ ಫ್ರೀ ಪ್ರೆಸ್ ಕೊಟ್ಟ ಸ್ಥಾನ ಹಳೆಯ ಸಂಸ್ಥೆಗಳಲ್ಲಿ ಸಿಗುತ್ತಿರಲಿಲ್ಲ. ಆದರೆ ಸುದ್ದಿ ಕಳುಹಿಸಲು ಸದಾನಂದ್ ಅವಲಂಬಿಸಬೇಕಾಗಿದ್ದುದು ಸರ್ಕಾರದ ತಂತಿ ಇಲಾಖೆಯನ್ನೇ. ಪ್ರತಿ ಪದಕ್ಕೂ ಶುಲ್ಕ ತೆರಬೇಕು, ಅಧಿಕಾರಿಗಳು ಮನಸ್ಸು ಮಾಡಿದರೆ ತಂತಿ ತಡವಾಗಬಹುದು, ತಡೆಹಿಡಿಯಲ್ಪಡಲೂಬಹುದು. ಇದನ್ನೆಲ್ಲ ದಾಟಿ ಬಂದ ಸುದ್ದಿಯನ್ನು ಅಚ್ಚು ಹಾಕುವ ಪತ್ರಿಕೆಗೂ ಅಪಾಯ ತಪ್ಪುತ್ತಿರಲಿಲ್ಲ.

ಚಂದಾದಾರರ ಲೆಕ್ಕಾಚಾರ

ಫ್ರೀ ಪ್ರೆಸ್‌ಗೆ ಎದುರಾದ ನಿಜವಾದ ಸಂಕಟ ಇಲ್ಲಿಂದ ಆರಂಭವಾಗುತ್ತದೆ. 1930ರ ಪತ್ರಿಕಾ ಸುಗ್ರೀವಾಜ್ಞೆ ಮತ್ತು 1931ರ ಪತ್ರಿಕಾ ತುರ್ತು ಅಧಿಕಾರ ಕಾಯಿದೆಯ ಅಡಿಯಲ್ಲಿ ಸರ್ಕಾರ ಮುದ್ರಣಾಲಯಗಳಿಂದಲೂ ಪ್ರಕಾಶಕರಿಂದಲೂ ಠೇವಣಿ ಕೇಳಬಹುದಿತ್ತು. ಆಕ್ಷೇಪಾರ್ಹವೆನಿಸಿದ ಬರಹ ಪ್ರಕಟವಾದರೆ ಠೇವಣಿ ಮುಟ್ಟುಗೋಲು. ಹೊಸ ಠೇವಣಿ ಕಟ್ಟಲಾಗದಿದ್ದರೆ ಪತ್ರಿಕೆಗೆ ಬೀಗ.

ಇಂಥ ಸನ್ನಿವೇಶದಲ್ಲಿ ಒಬ್ಬ ಸಾಮಾನ್ಯ ಪತ್ರಿಕಾ ಮಾಲೀಕನ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ರಾಯಿಟರ್ ಮತ್ತು ಅಸೋಸಿಯೇಟೆಡ್ ಪ್ರೆಸ್ ಸೇವೆಯನ್ನು ಬಿಡುವಂತಿಲ್ಲ. ಲಂಡನ್ನಿನ ಸುದ್ದಿ, ಪೇಟೆ ಧಾರಣೆ, ವಿಧಾನಸಭೆಯ ಕಲಾಪ, ಎಲ್ಲವೂ ಅಲ್ಲಿಂದಲೇ ಬರಬೇಕು. ಎರಡನೆಯ ಸಂಸ್ಥೆಗೂ ಚಂದಾ ಕೊಡುವಷ್ಟು ಆದಾಯ ಹೆಚ್ಚಿನ ಪತ್ರಿಕೆಗಳಿಗಿರಲಿಲ್ಲ. ಕೊಟ್ಟರೂ ಆ ಸಂಸ್ಥೆಯ ಸುದ್ದಿಯಿಂದಲೇ ಠೇವಣಿ ಹೋಗುವ ಭಯ. ಫ್ರೀ ಪ್ರೆಸ್‌ಗೆ ಅತ್ಯಂತ ಹತ್ತಿರವಾಗಿದ್ದ ರಾಷ್ಟ್ರೀಯ ಪತ್ರಿಕೆಗಳೇ ಅತ್ಯಂತ ಬಡ ಪತ್ರಿಕೆಗಳೂ ಆಗಿದ್ದವು.

ಹೀಗಾಗಿ ಸದಾನಂದರ ಉದ್ದೇಶವನ್ನು ಮೆಚ್ಚಿದ ಎಲ್ಲರೂ ಅವರ ಚಂದಾದಾರರಾಗಲಿಲ್ಲ. ಈ ಪತ್ರಿಕೆಗಳನ್ನು ಅಂಜುಬುರುಕರೆಂದು ಕರೆಯುವುದು ಸುಲಭ. ಆದರೆ ಪ್ರತಿಯೊಂದು ಪತ್ರಿಕೆಯ ಲೆಕ್ಕವನ್ನು ಬಿಡಿಯಾಗಿ ನೋಡಿದರೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಒಂದು ಪತ್ರಿಕೆ ಉಳಿಸಿದ ಹಣ ಅದರ ನೌಕರರ ಸಂಬಳಕ್ಕೋ, ಕಾಗದಕ್ಕೋ ಒದಗುತ್ತಿತ್ತು. ಹಾಗೆ ಎಲ್ಲರೂ ಉಳಿಸಿದ ಹಣದ ಮೊತ್ತವೇ ಸುದ್ದಿಸಂಸ್ಥೆಯ ನಷ್ಟವಾಯಿತು.

ಸ್ವಂತ ಪತ್ರಿಕೆಯ ಸಾಹಸ

ಇತರರು ಅಚ್ಚು ಹಾಕಲು ಹಿಂಜರಿದ ಸುದ್ದಿಯನ್ನು ತಾವೇ ಅಚ್ಚು ಹಾಕಲು ಸದಾನಂದ್ ನಿಶ್ಚಯಿಸಿದರು. 1930ರಲ್ಲಿ ಮುಂಬಯಿಯಲ್ಲಿ ಫ್ರೀ ಪ್ರೆಸ್ ಜರ್ನಲ್ ದೈನಿಕವಾಗಿ ರೂಪುಗೊಂಡಿತು. ಕಡಿಮೆ ಬೆಲೆ, ನೇರ ಭಾಷೆ, ಚಳವಳಿಯ ತಾಜಾ ಸುದ್ದಿ ಇವುಗಳಿಂದ ಅದು ಮುಂಬಯಿಯ ಮಧ್ಯಮ ವರ್ಗದ ಮನೆಮಾತಾಯಿತು. ಮದ್ರಾಸಿನಲ್ಲಿ ವರದರಾಜುಲು ನಾಯ್ಡು 1932ರಲ್ಲಿ ಆರಂಭಿಸಿದ್ದ ಇಂಡಿಯನ್ ಎಕ್ಸ್‌ಪ್ರೆಸ್ ಅಲ್ಪಕಾಲದಲ್ಲೇ ಸದಾನಂದರ ಕೈಗೆ ಬಂತು. 1934ರಲ್ಲಿ ತಮಿಳಿನ ದಿನಮಣಿ ಹೊರಬಂತು. ಮರಾಠಿಯ ನವಶಕ್ತಿಯೂ ಅವರ ಬಳಗಕ್ಕೆ ಸೇರಿದ ಪತ್ರಿಕೆ.

ಈ ಸಾಹಸವೇ ಸುದ್ದಿಸಂಸ್ಥೆಗೆ ಮುಳುವಾದದ್ದು ದುರ್ದೈವ. ನಿನ್ನೆಯವರೆಗೆ ಸುದ್ದಿ ಪೂರೈಸುತ್ತಿದ್ದಾತ ಇಂದು ತಮ್ಮದೇ ಊರಿನಲ್ಲಿ ಅಗ್ಗದ ಪತ್ರಿಕೆ ಮಾರಲು ನಿಂತಾಗ ಚಂದಾದಾರ ಪತ್ರಿಕೆಗಳು ಅವರನ್ನು ಪ್ರತಿಸ್ಪರ್ಧಿಯೆಂದೇ ಬಗೆದವು. ಪ್ರತಿಸ್ಪರ್ಧಿಗೆ ಪ್ರತಿ ತಿಂಗಳೂ ಹಣ ಕೊಡುವವರು ಯಾರು? ಚಂದಾ ನಿಲ್ಲಿಸಲು ಭಯ, ಬಡತನಗಳ ಜೊತೆಗೆ ಮೂರನೆಯ ಕಾರಣವೂ ಸಿಕ್ಕಂತಾಯಿತು. ಸದಾನಂದರ ಉದ್ದೇಶ ಶುದ್ಧವಾಗಿದ್ದರೂ ಇದು ಅವರ ಲೆಕ್ಕದ ತಪ್ಪೇ ಸರಿ. ಎಲ್ಲ ಪತ್ರಿಕೆಗಳಿಗೂ ಸಮಾನವಾಗಿ ಸಲ್ಲಬೇಕಾದ ಸಂಸ್ಥೆ ಒಬ್ಬ ಪತ್ರಿಕಾ ಮಾಲೀಕನ ಸ್ವತ್ತಾಗಿ ಉಳಿಯಲು ಬರುವುದಿಲ್ಲ ಎಂಬ ಪಾಠ ಅವರಿಗೂ ದುಬಾರಿಯಾಯಿತು.

ಫ್ರೀ ಪ್ರೆಸ್‌ನ ಕಲ್ಕತ್ತಾ ಕಚೇರಿಯನ್ನು ನೋಡಿಕೊಳ್ಳುತ್ತಿದ್ದ ಬಿ. ಸೆನ್‌ಗುಪ್ತ ಸಂಸ್ಥೆಯಿಂದ ಹೊರಬಂದು 1933ರಲ್ಲಿ ಯುನೈಟೆಡ್ ಪ್ರೆಸ್ ಆಫ್ ಇಂಡಿಯಾವನ್ನು ಕಟ್ಟಿದರು. ಇತ್ತ ಸರ್ಕಾರ ಸದಾನಂದರಿಂದ ಮೇಲಿಂದ ಮೇಲೆ ಠೇವಣಿ ಕೇಳಿ ಮುಟ್ಟುಗೋಲು ಹಾಕಿಕೊಂಡಿತು. 1935ರ ಹೊತ್ತಿಗೆ ಫ್ರೀ ಪ್ರೆಸ್ ಆಫ್ ಇಂಡಿಯಾದ ತಂತಿ ಮೌನವಾಯಿತು. ಮದ್ರಾಸಿನ ಪತ್ರಿಕೆಗಳೂ ಅವರ ಕೈತಪ್ಪಿ ರಾಮನಾಥ ಗೋಯೆಂಕಾ ಅವರ ವಶವಾದವು. ಆ ಎಕ್ಸ್‌ಪ್ರೆಸ್ ಬಳಗವೇ ಮುಂದೆ 1967ರಲ್ಲಿ ಬೆಂಗಳೂರಿನಿಂದ ಕನ್ನಡಪ್ರಭವನ್ನು ಆರಂಭಿಸಿತು ಎಂಬುದನ್ನು ನೆನೆದರೆ ಸದಾನಂದರು ಕಳೆದುಕೊಂಡದ್ದರ ಒಂದು ಕೊಂಬೆ ಕನ್ನಡದಲ್ಲಿಯೂ ಚಿಗುರಿದೆ ಎನ್ನಬೇಕು.

ಮತ್ತೊಂದು ಪ್ರಯತ್ನ

ಸದಾನಂದ್ ಕೈಚೆಲ್ಲಲಿಲ್ಲ. ಮುಂಬಯಿಯ ಫ್ರೀ ಪ್ರೆಸ್ ಜರ್ನಲ್ ಅವರ ಬಳಿ ಉಳಿದಿತ್ತು. ಹೊಸಬರನ್ನು ಧೈರ್ಯವಾಗಿ ತೆಗೆದುಕೊಂಡು ಬೆಳೆಸುವ ಗುಣದಿಂದಾಗಿ ಆ ಕಚೇರಿ ಒಂದು ಪೀಳಿಗೆಯ ಪತ್ರಕರ್ತರಿಗೆ ತರಬೇತಿ ಶಾಲೆಯಂತಾಯಿತು. ಮೈಸೂರಿನಿಂದ ಹೋದ ಆರ್.ಕೆ. ಲಕ್ಷ್ಮಣ್ 1940ರ ದಶಕದಲ್ಲಿ ಅಲ್ಲಿ ವ್ಯಂಗ್ಯಚಿತ್ರಕಾರರಾಗಿದ್ದರು. ಬಾಳ ಠಾಕ್ರೆ ಅವರೂ ಅದೇ ಪತ್ರಿಕೆಯ ವ್ಯಂಗ್ಯಚಿತ್ರಕಾರರಾಗಿದ್ದರು.

ಎರಡನೆಯ ಮಹಾಯುದ್ಧ ಮುಗಿಯುತ್ತಿದ್ದಂತೆ, 1945ರಲ್ಲಿ, ಸದಾನಂದ್ ಸುದ್ದಿಸಂಸ್ಥೆಗೆ ಮತ್ತೆ ಜೀವ ತುಂಬಲು ಹೊರಟರು. ಈ ಬಾರಿ ದೃಷ್ಟಿ ದೇಶದ ಗಡಿಯನ್ನು ದಾಟಿತ್ತು. ಡಚ್ಚರ ವಿರುದ್ಧ ಇಂಡೋನೇಷ್ಯಾ ಜನತೆ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದಾಗ ಅಲ್ಲಿಂದ ಪಿ.ಆರ್.ಎಸ್. ಮಣಿ ಫ್ರೀ ಪ್ರೆಸ್ ಜರ್ನಲ್‌ಗೆ ವರದಿ ಮಾಡಿದರು. ಏಷ್ಯಾದ ಒಂದು ಹೋರಾಟವನ್ನು ಐರೋಪ್ಯ ಸಂಸ್ಥೆಯ ಕಣ್ಣಿನಿಂದಲ್ಲದೆ ಭಾರತೀಯನ ಕಣ್ಣಿನಿಂದಲೇ ಓದುಗರಿಗೆ ತೋರಿಸಿದ್ದು ಅಂದಿಗೆ ಸಣ್ಣ ಸಾಧನೆಯಾಗಿರಲಿಲ್ಲ. ಆದರೆ ಪುನಶ್ಚೇತನಗೊಂಡ ಸುದ್ದಿಸಂಸ್ಥೆಯೂ ಬಹುಕಾಲ ಬಾಳಲಿಲ್ಲ. ವಿದೇಶ ಸುದ್ದಿಯ ವೆಚ್ಚ ಒಬ್ಬ ಮಾಲೀಕ ಹೊರಬಲ್ಲ ಹೊರೆಯಾಗಿರಲಿಲ್ಲ.

ಒಬ್ಬನ ಕನಸು, ಹಲವರ ಸಂಸ್ಥೆ

ಸ್ವಾತಂತ್ರ್ಯ ಬಂದ 12ನೇ ದಿನ, 1947ರ ಆಗಸ್ಟ್ 27ರಂದು, ಮದ್ರಾಸಿನಲ್ಲಿ ಪ್ರೆಸ್ ಟ್ರಸ್ಟ್ ಆಫ್ ಇಂಡಿಯಾ ನೋಂದಣಿಯಾಯಿತು. ಆರಂಭದ ಏಳು ಷೇರುದಾರರ ಪೈಕಿ ದಿ ಹಿಂದೂ ಪತ್ರಿಕೆಯ ಕಸ್ತೂರಿ ಶ್ರೀನಿವಾಸನ್ ಅವರೊಂದಿಗೆ ಸದಾನಂದರೂ ಇದ್ದರು. ಲಾಭದ ಹಂಚಿಕೆಯಿಲ್ಲದ, ಪತ್ರಿಕೆಗಳೇ ಸೇರಿ ಒಡೆತನ ಹೊಂದಿದ ಸಂಸ್ಥೆ ಅದು. ಯಾವ ಒಬ್ಬ ಮಾಲೀಕನೂ ಅದರ ಯಜಮಾನನಲ್ಲ. 20 ವರ್ಷಗಳ ಹಿಂದೆ ಸದಾನಂದ್ ಒಬ್ಬರೇ ಮಾಡಲು ಹೋಗಿ ಸೋತ ಕೆಲಸವನ್ನು ಈಗ ಪತ್ರಿಕೆಗಳು ಕೂಡಿ ಮಾಡಲು ಮುಂದಾದವು.

1949ರ ಫೆಬ್ರವರಿ 1ರಂದು ರಾಯಿಟರ್‌ನ ಭಾರತೀಯ ವ್ಯವಹಾರವನ್ನು ವಹಿಸಿಕೊಂಡು ಪಿಟಿಐ ಕೆಲಸ ಆರಂಭಿಸಿತು. ಕನ್ನಡದ ಪ್ರಜಾವಾಣಿ ಹುಟ್ಟಿದ್ದು ಅದಕ್ಕೆ ಕೆಲವೇ ತಿಂಗಳ ಮೊದಲು, 1948ರಲ್ಲಿ. ಅಲ್ಲಿಂದ ಮುಂದೆ ದಶಕಗಳ ಕಾಲ ಕನ್ನಡ ದೈನಿಕಗಳ ರಾತ್ರಿಪಾಳಿ ಎಂದರೆ ಟೆಲಿಪ್ರಿಂಟರಿನ ಸದ್ದು ಮತ್ತು ಅದು ಉಗುಳಿದ ಇಂಗ್ಲಿಷ್ ಸುರುಳಿಯನ್ನು ಕನ್ನಡಕ್ಕೆ ತರುವ ಉಪಸಂಪಾದಕರ ಧಾವಂತ. ಇಂದು ಓದುಗರ ಬಾಯಲ್ಲಿ ಸಹಜವಾಗಿ ಓಡಾಡುವ ಎಷ್ಟೋ ಕನ್ನಡ ಪದಗಳು ಆ ಮೇಜಿನ ಮೇಲೆಯೇ ರೂಪ ಪಡೆದವು.

ಆರಂಭದಲ್ಲಿ ಪಿಟಿಐಗೆ ರಾಯಿಟರ್‌ನೊಂದಿಗೆ ಪಾಲುದಾರಿಕೆಯ ನಂಟಿತ್ತು. ಅದು 1953ರಲ್ಲಿ ಕಳಚಿತು. ಅದೇ 1953ರಲ್ಲಿ ಸದಾನಂದ್ ನಿಧನರಾದರು. ಅವರಿಗೆ ಆಗ 53ರ ಆಸುಪಾಸಿನ ವಯಸ್ಸು.

ಇಂದಿನ ಲೆಕ್ಕ

ಸದಾನಂದರ ತರುವಾಯವೂ ಕಥೆ ಮರುಕಳಿಸುತ್ತಲೇ ಬಂದಿದೆ. ಸೆನ್‌ಗುಪ್ತ ಕಟ್ಟಿದ ಯುನೈಟೆಡ್ ಪ್ರೆಸ್ 1958ರಲ್ಲಿ ಮುಚ್ಚಿತು. ಒಂದೇ ಸಂಸ್ಥೆಯ ಮೇಲೆ ಇಡೀ ದೇಶ ನಿಲ್ಲಬಾರದು ಎಂದು 1961ರಲ್ಲಿ ಯುಎನ್‌ಐ ಕಾರ್ಯಾರಂಭ ಮಾಡಿತು. ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಪಿಟಿಐ, ಯುಎನ್‌ಐ ಸೇರಿದಂತೆ ನಾಲ್ಕು ಸಂಸ್ಥೆಗಳನ್ನು ಸಮಾಚಾರ್ ಎಂಬ ಒಂದೇ ಹೆಸರಿನಡಿ ವಿಲೀನಗೊಳಿಸಲಾಯಿತು. ಅವು ಮತ್ತೆ ಬೇರೆಯಾದದ್ದು 1978ರಲ್ಲಿ. ಎರಡು ತಂತಿಗಳಿದ್ದರೆ ಒಂದರ ಸುದ್ದಿಯನ್ನು ಇನ್ನೊಂದರೊಂದಿಗೆ ತಾಳೆ ನೋಡಬಹುದು. ಒಂದೇ ಉಳಿದರೆ ಅದರ ತಪ್ಪು ಎಲ್ಲ ಪತ್ರಿಕೆಗಳ ತಪ್ಪಾಗುತ್ತದೆ.

ಆದರೂ ಖರ್ಚು ಕಡಿತದ ಮಾತು ಬಂದಾಗ ಮೊದಲು ನಿಲ್ಲುವುದು ಎರಡನೆಯ ಚಂದಾ. 2020ರ ಜೂನ್‌ನಲ್ಲಿ ಚೀನಾ ರಾಯಭಾರಿಯ ಸಂದರ್ಶನದ ಕುರಿತು ಪಿಟಿಐ ವಿರುದ್ಧ ಪ್ರಸಾರ ಭಾರತಿ ಅಸಮಾಧಾನ ವ್ಯಕ್ತಪಡಿಸಿತು. ಅಕ್ಟೋಬರ್‌ನಲ್ಲಿ ಪಿಟಿಐ, ಯುಎನ್‌ಐ ಎರಡರ ಚಂದಾವನ್ನೂ ಕೊನೆಗೊಳಿಸಿ ಹೊಸ ಪ್ರಸ್ತಾವ ಕರೆಯುವುದಾಗಿ ತಿಳಿಸಿತು. ದೊಡ್ಡ ಚಂದಾದಾರ ಸರ್ಕಾರಿ ಸ್ವಾಮ್ಯದವನಾಗಿದ್ದರೆ ಅವನು ಕೊಡುವ ಹಣದಷ್ಟೇ ಅವನು ನಿಲ್ಲಿಸುವ ಹಣವೂ ತೂಕದ್ದು ಎಂಬುದು ಸದಾನಂದರ ಕಾಲದಲ್ಲಿಯೂ ತಿಳಿದಿದ್ದ ಸಂಗತಿ. ಬಹುಕಾಲ ಹಣದ ಮುಗ್ಗಟ್ಟಿನಲ್ಲಿ ನರಳಿದ ಯುಎನ್‌ಐ 2023ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿತು. ಅಮೆರಿಕದಲ್ಲಿಯೂ 2024ರ ಮಾರ್ಚ್‌ನಲ್ಲಿ ಗ್ಯಾನೆಟ್ ಮತ್ತು ಮೆಕ್ಲಾಚಿ ಎಂಬ ಎರಡು ದೊಡ್ಡ ಪತ್ರಿಕಾ ಸಮೂಹಗಳು 1846ರಷ್ಟು ಹಳೆಯದಾದ ಅಸೋಸಿಯೇಟೆಡ್ ಪ್ರೆಸ್‌ನ ಸುದ್ದಿಯನ್ನು ಕೈಬಿಡುವುದಾಗಿ ಪ್ರಕಟಿಸಿದವು. ಉಳಿಯುವ ಹಣವನ್ನು ಸ್ಥಳೀಯ ವರದಿಗಾರಿಕೆಗೆ ತೊಡಗಿಸಬಹುದೆಂಬ ವಾದವೂ ಕೇಳಿಬಂತು.

ಆ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಎಲ್ಲ ಪತ್ರಿಕೆಗಳೂ ಒಂದೇ ತಂತಿಯ ಸುದ್ದಿಯನ್ನು ತುಂಬಿಕೊಂಡು ತಮ್ಮೂರನ್ನೇ ಮರೆತರೆ ಓದುಗರಿಗೆ ಲಾಭವಿಲ್ಲ. ಕೊಕ್ಕಡದಲ್ಲಿ ಮಕ್ಕಳು ಏಕೆ ಹಾಸಿಗೆ ಹಿಡಿದಿದ್ದಾರೆ ಎಂಬ ಪ್ರಶ್ನೆಯನ್ನು ದೆಹಲಿಯ ತಂತಿ ತಾನಾಗಿ ಕೇಳುವುದಿಲ್ಲ, ಊರು ಸುತ್ತುವ ವರದಿಗಾರನೇ ಕೇಳಬೇಕು. ಉಳಿಸಿದ ಹಣ ನಿಜಕ್ಕೂ ಅಂಥ ವರದಿಗಾರನ ಸಂಬಳವಾದರೆ ಆ ಕಡಿತಕ್ಕೆ ಅರ್ಥವಿದೆ. ಅದು ನಷ್ಟದ ಪಟ್ಟಿಯಲ್ಲಿ ಕರಗಿಹೋದರೆ ಓದುಗ ಎರಡೂ ಕಡೆಯಿಂದ ಕಳೆದುಕೊಳ್ಳುತ್ತಾನೆ. ಅವನಿಗೆ ಜಿನೀವಾದ ಸುದ್ದಿಯೂ ಸಿಗುವುದಿಲ್ಲ, ಪಕ್ಕದ ಪಟ್ರಮೆಯ ಸುದ್ದಿಯೂ ಸಿಗುವುದಿಲ್ಲ.

ಸದಾನಂದ್ ಹಣ ಕಳೆದುಕೊಂಡರು, ಪತ್ರಿಕೆಗಳನ್ನು ಕಳೆದುಕೊಂಡರು, ಎರಡು ಬಾರಿ ಕಟ್ಟಿದ ಸಂಸ್ಥೆಯನ್ನೂ ಕಳೆದುಕೊಂಡರು. ಅವರ ಸಂಸ್ಥೆಗೆ ಚಂದಾ ನಿರಾಕರಿಸಿದ ಯಾವ ಪತ್ರಿಕೆಯೂ ದೇಶದ ಸುದ್ದಿಯನ್ನು ರಾಯಿಟರ್ ಕೈಗೆ ಒಪ್ಪಿಸಬೇಕೆಂದು ಬಯಸಿರಲಿಲ್ಲ, ತನ್ನ ತಿಂಗಳ ಖರ್ಚನ್ನಷ್ಟೇ ನೋಡಿಕೊಂಡಿತ್ತು. ಆದರೂ 1935ರಿಂದ ಮುಂದೆ ಅವೆಲ್ಲವೂ ಪರದೇಶದ ಆ ತಂತಿಗೆ ಇನ್ನಷ್ಟು ಜೋತುಬೀಳಬೇಕಾಯಿತು. ಪತ್ರಿಕೆಗಳು ಒಟ್ಟುಗೂಡಿ ತಮ್ಮದೇ ತಂತಿಯನ್ನು ಕೈಗೆ ತೆಗೆದುಕೊಳ್ಳಲು ಅಲ್ಲಿಂದ 14 ವರ್ಷಗಳೇ ಬೇಕಾದವು.